ತಳವಿಲ್ಲದ ನೀರಿನ ಮೀನು

ಮೊದಲೇ ಹೇಳಿಬಿಡುತ್ತೇನೆ, ನಾನು ಜಂಭದ ಮನುಷ್ಯ. ವಯಸ್ಸಾದಂತೆ ಮನುಷ್ಯ ಮೆತ್ತಗಾಗುತ್ತಾನೆ ಎನ್ನುತ್ತಾರೆ. ನನ್ನ ವಿಷಯದಲ್ಲಿ ಹಾಗೇನೂ ಆಗಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ತುಮಕೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಪುಟ್ಟ ಅಂಗಡಿಯಿತ್ತು. ಬೋರ್ಡು ಬರೆಯುವುದು ಕಸುಬು. ಜವಳಿ ಅಂಗಡಿ, ಸೈಕಲ್ ಷಾಪು, ಲಾರಿಯ ಹಿಂಬದಿ, ಮಿಲ್ಟ್ರಿ ಹೋಟೆಲು, ಯಾವುದಾದರೂ ಸರಿ. ಗೋಡೆಯ ಮೇಲೆ ಒಂದು ಸಲ ಕಣ್ಣಾಡಿಸಿದರೆ ಸಾಕು, ಅಕ್ಷರ ಎಷ್ಟು ಎತ್ತರ ಬರಬೇಕು ಅಂತ ಸ್ಕೇಲು ಮುಟ್ಟದೆ ಹೇಳುತ್ತಿದ್ದೆ. ಈಗಲೂ ಹೇಳಬಲ್ಲೆ. ಕೇಳುವವರಿಲ್ಲ, ಅದು ಬೇರೆ ಮಾತು.

ಬೋರ್ಡಿನ ಜೊತೆಗೆ ಸ್ಕೂಲುಗಳ ಕೆಲಸವೂ ಬರುತ್ತಿತ್ತು. ಗುಬ್ಬಿ ತಾಲ್ಲೂಕಿನಲ್ಲಿ, ನಿಟ್ಟೂರಿನವರೆಗೂ, ಯಾವ ಹೈಸ್ಕೂಲಿನ ಗೋಡೆ ನೋಡಿದರೂ ಅಲ್ಲಿ ನನ್ನ ಕೈ ಇರುತ್ತಿತ್ತು. ಮನುಷ್ಯನ ಹೃದಯ, ದಾಸವಾಳ ಹೂವಿನ ಭಾಗಗಳು, ಕಪ್ಪೆಯ ಹೊಟ್ಟೆಯೊಳಗಿನದೆಲ್ಲ. ಕಪ್ಪೆಯ ಹೊಟ್ಟೆಯನ್ನು ನಾನು ಕೊಯ್ದು ನೋಡಿದವನಲ್ಲ. ಪುಸ್ತಕದ ಚಿತ್ರಕ್ಕೆ ಚೌಕ ಹಾಕಿ, ಗೋಡೆಗೂ ಅಷ್ಟೇ ಚೌಕ ಹಾಕಿ, ಒಂದೊಂದೇ ಮನೆ ತುಂಬುತ್ತ ಹೋಗುವುದು. ಈ ಕೆಲಸದಲ್ಲಿ ನನ್ನನ್ನು ಮೀರಿಸಿದವರು ಜಿಲ್ಲೆಯಲ್ಲಿ ಇರಲಿಲ್ಲ.

ನಮ್ಮಪ್ಪ ದೇವರ ಪಟ ಬರೆಯುತ್ತಿದ್ದವರು. ಅವರಿಂದ ನನಗೆ ಬಂದದ್ದು ಎರಡು: ಕೈ ಮತ್ತು ಒಂದು ನಿಯಮ. ಯಾವ ಚಿತ್ರವೇ ಆಗಲಿ, ಕಣ್ಣು ಕೊನೆಗೆ ಬರೆಯಬೇಕು. ಕಣ್ಣು ಬರೆದಾದ ಮೇಲೆ ಆ ಚಿತ್ರಕ್ಕೆ ಮತ್ತೆ ಕುಂಚ ಮುಟ್ಟಿಸಬಾರದು. ಕಣ್ಣು ಬಂದ ಮೇಲೆ ಅದಕ್ಕೆ ಜೀವ ಬಂತು, ಇನ್ನು ತಿದ್ದುವುದು ಅಂದರೆ ಮೈಗೆ ಚಾಕು ಹಾಕಿದ ಹಾಗೆ ಅನ್ನುತ್ತಿದ್ದರು. ದೇವರ ಪಟಕ್ಕೆ ಸರಿ, ಹೋಟೆಲಿನ ಬೋರ್ಡಿನ ಮೇಲಿನ ಕೋಳಿಗೂ ನಮ್ಮ ಮನೆಯಲ್ಲಿ ಅದೇ ನಿಯಮ. ನಾನೂ ತಪ್ಪದೆ ಪಾಲಿಸುತ್ತಿದ್ದೆ.

ಆ ವರ್ಷ ಚಳಿಗಾಲದಲ್ಲಿ ಗುಬ್ಬಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಿಂದ ಕರೆ ಬಂತು. ಸ್ಕೂಲಿಗೆ ಹೊಸದಾಗಿ ಒಂದು ಉದ್ದನೆಯ ಗೋಡೆ ಎದ್ದಿತ್ತು. ಸೋಮವಾರ ಇಲಾಖೆಯ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅಷ್ಟರೊಳಗೆ ಆ ಗೋಡೆಯ ತುಂಬ ವಿಜ್ಞಾನದ ಚಿತ್ರ ಬರೆಯಬೇಕು ಅಂತ ಹೆಡ್‌ಮಾಸ್ಟರ ಆಸೆ. ಏನು ಬರೆಯಬೇಕು ಅನ್ನುವುದನ್ನು ವಿಜ್ಞಾನದ ಟೀಚರಿಗೆ ಬಿಟ್ಟಿದ್ದರು. ಆಕೆ ಆರಿಸಿದ್ದು ಒಂದೇ ಒಂದು ಮೀನು. ಹನ್ನೆರಡು ಅಡಿ ಗೋಡೆಗೆ ಒಂದೇ ಮೀನು.

ಟೀಚರಿಗೆ ಆಗ ಇಪ್ಪತ್ತೈದೋ ಇಪ್ಪತ್ತಾರೋ ಇರಬೇಕು, ನನ್ನದೇ ವಯಸ್ಸು. ತುಮಕೂರಿನ ಶೆಟ್ಟಿಹಳ್ಳಿಯವರು. ದಿನಾ ರೈಲಿನಲ್ಲಿ ಗುಬ್ಬಿಗೆ ಬಂದು ಹೋಗುತ್ತಿದ್ದರು. ಮೆಲು ದನಿ. ಎದುರಿಗೆ ನಿಂತವನು ಸ್ವಲ್ಪ ಜೋರು ಮಾಡಿದರೆ ಸುಮ್ಮನಾಗಿಬಿಡುವ ಜಾತಿ ಅಂತ ನಾನು ಮೊದಲ ದಿನವೇ ತೀರ್ಮಾನ ಮಾಡಿದೆ. ತುಮಕೂರಿನ ಲೈಬ್ರರಿಯಲ್ಲಿದ್ದ ಯಾವುದೋ ಪುಸ್ತಕ ನೋಡಿ ಪೆನ್ಸಿಲಿನಲ್ಲಿ ತಾವೇ ಬರೆದುಕೊಂಡಿದ್ದ ಹಾಳೆಯನ್ನು ನನ್ನ ಕೈಗೆ ಕೊಟ್ಟು, ಗೋಡೆಯ ಮುಂದೆ ನಿಂತು ಒಂದು ಪಾಠವನ್ನೇ ಮಾಡಿದರು.

"ನೋಡಿ ಪೇಂಟ್ರೇ, ಇದು ಟ್ಯೂನಾ. ನಮ್ಮ ಕೆರೆ ಮೀನಿನ ಥರ ಅಲ್ಲ. ಇದಕ್ಕೆ ದೊಡ್ಡ ಹುರುಪೆ ಇರಲ್ಲ. ಇದ್ರೂ ಕಣ್ಣಿಗೆ ಕಾಣದಷ್ಟು ಸಣ್ಣವು, ಮೈ ನುಣ್ಣಗಿರುತ್ತೆ. ಬೆನ್ನು ಕಡು ನೀಲಿ, ಹೊಟ್ಟೆ ಬೆಳ್ಳಿ. ಮೇಲಿಂದ ನೋಡಿದ್ರೆ ಕತ್ತಲ ನೀರಲ್ಲಿ ಸೇರ್ಕೊಳ್ಳುತ್ತೆ, ಕೆಳಗಿಂದ ನೋಡಿದ್ರೆ ಬೆಳಕಲ್ಲಿ ಸೇರ್ಕೊಳ್ಳುತ್ತೆ. ಬಾಲದ ಹತ್ರ ಮೇಲೂ ಕೆಳಗೂ ಹಳದಿ ಬಣ್ಣದ ಪುಟಾಣಿ ರೆಕ್ಕೆಗಳ ಸಾಲು ಇದೆ. ಬಾಲ ಕುಡುಗೋಲಿನ ಹಾಗೆ ಬಾಗಿರಬೇಕು, ಬೀಸಣಿಗೆ ಥರ ಅಲ್ಲ."

"ಆಯ್ತು ಮೇಡಂ" ಅಂದೆ. ಅರ್ಧ ಕೇಳಿಸಿಕೊಂಡಿದ್ದೆ.

"ಇನ್ನೊಂದು. ಇದಕ್ಕೆ ಊರು ಅಂತ ಇಲ್ಲ. ದಡದ ಹತ್ರ ಇರೋ ಮೀನಲ್ಲ ಇದು. ಸಾವಿರಾರು ಮೈಲಿ ಸಮುದ್ರದಲ್ಲಿ ಓಡ್ತಾನೇ ಇರುತ್ತೆ. ಬಾಯಿ ತೆರ್ಕೊಂಡು ಈಜ್ತಾ ಇದ್ರೆ ಮಾತ್ರ ಕಿವಿರಿಗೆ ನೀರು ಸಿಗುತ್ತೆ, ನಿಂತ್ರೆ ಉಸಿರು ಕಟ್ಟುತ್ತೆ. ಅದಕ್ಕೆ ಕೆಳಗೆ ತಳ ಬರೀಬೇಡಿ. ಬರೀ ನೀರು."

ಹುಟ್ಟಿದಾಗಿನಿಂದ ಮೀನು ತಿಂದವನಿಗೆ ಮೀನು ಹೇಗಿರುತ್ತೆ ಅಂತ ಹೇಳಿಕೊಡುತ್ತಿದ್ದಾಳಲ್ಲ ಅಂತ ನನಗೆ ಒಳಗೇ ಉರಿ. ನಮ್ಮ ತಾಯಿಯ ತೌರು ಕುಣಿಗಲ್ಲು. ಕೆರೆಯಲ್ಲಿ ಬಲೆ ಎಳೆದ ದಿನ ನಾವು ಮಕ್ಕಳೆಲ್ಲ ದಡದಲ್ಲೇ ಬೀಡುಬಿಡುತ್ತಿದ್ದೆವು. ಗೆಂಡೆ ಮೀನಿನ ಹುರುಪೆ ಕೆರೆದು ಕೆರೆದು ನನ್ನ ಉಗುರು ಸವೆದಿತ್ತು. ಆ ಟೀಚರ ಮನೆಯಲ್ಲಿ ಮೊಟ್ಟೆಯೂ ಮುಟ್ಟುವುದಿಲ್ಲ ಅಂತ ಅವರೇ ಹೇಳಿದ್ದರು.

ಮಂಗಳವಾರ ಕೆಲಸಕ್ಕೆ ಕೈ ಹಾಕಿದೆ. ಸುಣ್ಣದ ದಾರ ಬಡಿದು ಚೌಕ ಹಾಕಿದೆ. ಆಕಾರವನ್ನು ಆಕೆಯ ಹಾಳೆಯಿಂದಲೇ ಎತ್ತಿದೆ. ಅಲ್ಲಿಂದ ಮುಂದೆ ಕೈ ತನ್ನ ದಾರಿ ಹಿಡಿಯಿತು. ಮೈ ತುಂಬ ಅರ್ಧಚಂದ್ರದ ಹುರುಪೆ, ಒಂದರ ಮೇಲೊಂದು, ಹೆಂಚು ಹೊದಿಸಿದ ಹಾಗೆ. ಹೊಟ್ಟೆಗೆ ಸ್ವಲ್ಪ ಕೇಸರಿ. ಬಾಲ ಅಗಲವಾಗಿ. ಹಳದಿ ಪುಟಾಣಿ ರೆಕ್ಕೆಗಳು ಮುಳ್ಳಿನಂತೆ ಕಂಡು ಚಿತ್ರದ ಅಂದ ಕೆಡಿಸುತ್ತವೆ ಅಂತ ಬಿಟ್ಟೆ. ಕೆಳಗೆ ಬೆಣಚು ಕಲ್ಲು, ಬಸವನಹುಳು, ಎರಡು ತಾವರೆ ಎಲೆ. ಹೆಡ್‌ಮಾಸ್ಟರು ಬಂದು ನೋಡಿ, ಬೋ ಪಸಂದಾಗೈತೆ ಅಂದರು. ನನಗೆ ಅಷ್ಟು ಸಾಕಾಯಿತು.

ಗುರುವಾರ ಊಟದ ಬಿಡುವಿನಲ್ಲಿ ಟೀಚರು ಬಂದರು. ಹಿಂದಿನ ಎರಡು ದಿನವೂ ಬೇರೆ ಸ್ಕೂಲಿನಲ್ಲಿ ಯಾವುದೋ ತರಬೇತಿಗೆ ಹೋಗಿದ್ದರಂತೆ. ಗೋಡೆ ನೋಡಿ ಅವರ ಮುಖ ಸಣ್ಣಗಾಯಿತು.

"ಹುರುಪೆ ಯಾಕೆ ಬರೆದ್ರಿ?"

"ಹುರುಪೆ ಇಲ್ದೆ ಬರೆದ್ರೆ ಮೀನು ಅಂತ ಯಾರು ಗುರ್ತು ಹಿಡೀತಾರೆ ಮೇಡಂ? ಬದ್ನೇಕಾಯಿ ಅಂತಾರೆ."

"ತಾವರೆ ಎಲೆ?"

"ನೀರು ಅಂತ ಗೊತ್ತಾಗ್ಬೇಡ್ವಾ?"

"ಪೇಂಟ್ರೇ, ಸಮುದ್ರದಲ್ಲಿ ತಾವರೆ ಬೆಳೆಯಲ್ಲ."

"ನೀವು ಸಮುದ್ರ ನೋಡಿದೀರಾ?" ಅಂದೆ.

ಆಕೆ ನನ್ನನ್ನೇ ನೋಡಿ, "ಇಲ್ಲ" ಅಂದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ನಾನೂ ಸಮುದ್ರ ನೋಡಿರಲಿಲ್ಲ ಅನ್ನುವುದು ಆಗ ನನ್ನ ತಲೆಗೇ ಬರಲಿಲ್ಲ ನೋಡಿ.

ಶುಕ್ರವಾರ ಬೆಳಿಗ್ಗೆ ಆಕೆ ಮತ್ತೆ ಬಂದರು. ಈ ಸಲ ಮಾತು ನೇರ ಇತ್ತು. "ನಾನಿಲ್ಲಿ ಮೂರು ವರ್ಷದಿಂದ ಟೆಂಪರರಿ. ಸೋಮವಾರ ಸಾಹೇಬ್ರು ನೋಡಿ ಬರೆದ್ರೆ ಅಪ್ರೂವಲ್ ಆಗುತ್ತೆ. ಇಲ್ಲ ಅಂದ್ರೆ ಸ್ಕೂಲಿನ ಕಮಿಟಿಯವರ ಕಡೆಯ ಹುಡುಗಿ ಒಬ್ಬಳು ಈ ಜಾಗಕ್ಕೆ ಕಾಯ್ತಾ ಇದಾಳೆ. ಮನೇಲಿ ತಾಯಿ, ಇಬ್ರು ತಮ್ಮಂದಿರು, ಎಲ್ಲಾ ನನ್ನ ಸಂಬಳದಲ್ಲೇ. ವಿಜ್ಞಾನದ ಟೀಚರ್ ಬರೆಸಿದ ಗೋಡೆ ಅಂತ ಹೆಡ್‌ಮಾಸ್ಟರು ಮೊದಲು ಇದನ್ನೇ ತೋರಿಸ್ತಾರೆ. ನಾಳೆ ಒಂದು ದಿನ ಕೂತು ತಿದ್ದಿಕೊಡಿ, ದಮ್ಮಯ್ಯ."

ಹೀಗೆ ಕೇಳಿದರೆ ಕಲ್ಲೂ ಕರಗಬೇಕು. ನಾನು ಕರಗಲಿಲ್ಲ. ನನ್ನ ಕಿವಿಗೆ ಬಿದ್ದದ್ದು "ತಿದ್ದಿ" ಅನ್ನುವ ಒಂದೇ ಮಾತು. ಇಡೀ ತಾಲ್ಲೂಕಿನಲ್ಲಿ ನನ್ನ ಚಿತ್ರವನ್ನು ತಿದ್ದು ಅಂದವರು ಅದುವರೆಗೆ ಯಾರೂ ಇರಲಿಲ್ಲ. ಆಕೆ ಕ್ಲಾಸಿಗೆ ಹೋದ ಮೇಲೆ ಸಣ್ಣ ಕುಂಚ ತೆಗೆದುಕೊಂಡೆ, ಮೀನಿಗೆ ಕಣ್ಣು ಬರೆದುಬಿಟ್ಟೆ. ಕಪ್ಪು ಪಾಪೆ, ಸುತ್ತ ಒಂದು ಹೊನ್ನಿನ ಗೆರೆ, ಬೆಳಕಿನ ಒಂದು ಬಿಳಿ ಚುಕ್ಕಿ. ಬಹಳ ಚೆನ್ನಾಗಿ ಬಂತು.

ಸಂಜೆ ಸ್ಕೂಲು ಬಿಟ್ಟ ಮೇಲೆ ಆಕೆ ಬಂದಾಗ ನಾನು ಡಬ್ಬಗಳ ಮುಚ್ಚಳ ಹಾಕುತ್ತಿದ್ದೆ. ನಮ್ಮ ಮನೆಯ ನಿಯಮ ಹೇಳಿದೆ. ಕಣ್ಣು ಬರೆದಾಯ್ತು, ಇನ್ನು ಯಾರು ಹೇಳಿದರೂ ಕುಂಚ ಮುಟ್ಟಿಸುವ ಹಾಗಿಲ್ಲ ಅಂದೆ. ಆಕೆ ಆ ಕಣ್ಣನ್ನೇ ನೋಡಿದರು. ಆಮೇಲೆ "ಸರಿ" ಅಂತ ಹೇಳಿ ರೈಲಿಗೆ ಹೊರಟರು.

ಶನಿವಾರ ಬೆಳಿಗ್ಗೆ ನನಗೆ ಕುಣಿಗಲ್ಲಿನಲ್ಲಿ ಕೆಲಸವಿತ್ತು. ಹೈವೇ ಪಕ್ಕದಲ್ಲಿ ಹೊಸದಾಗಿ ತೆರೆದ ಮಿಲ್ಟ್ರಿ ಹೋಟೆಲಿನ ಬೋರ್ಡು. ಏಣಿ ಹಾಕಿ ಮೇಲೆ ನಿಂತಿದ್ದೆ. ಕೆಳಗೆ ಮಂಗಳೂರು ಕಡೆಯಿಂದ ಬಂದ ಮೀನಿನ ಲಾರಿಯೊಂದು ಟೈರು ಪಂಕ್ಚರಾಗಿ ಪಕ್ಕಕ್ಕೆ ನಿಂತಿತು. ಹಿಂದಿನಿಂದ ಐಸಿನ ನೀರು ಸೋರುತ್ತಿತ್ತು. ಡ್ರೈವರು ಹಿಂಬದಿಯ ಬಾಗಿಲು ತೆಗೆದು, ಜಾರಿದ ಐಸನ್ನು ಮತ್ತೆ ಮೀನಿನ ಮೇಲೆ ಎಳೆಯತೊಡಗಿದ. ಏಣಿಯ ಮೇಲಿನಿಂದ ನನಗೆ ಒಳಗಿನದೆಲ್ಲ ಕಾಣಿಸುತ್ತಿತ್ತು. ಬುಟ್ಟಿಗಳಲ್ಲಿ ಸಣ್ಣ ಮೀನು. ಅವುಗಳ ಪಕ್ಕದಲ್ಲಿ, ಬುಟ್ಟಿಗೆ ಹಿಡಿಸದೆ, ಹಲಗೆಯ ಮೇಲೆ ಒಂದೇ ಒಂದು ದೊಡ್ಡ ಮೀನು.

ಏಣಿಯಿಂದ ಹೇಗೆ ಇಳಿದೆನೋ ನನಗೆ ನೆನಪಿಲ್ಲ.

ಎಂಟು ಹತ್ತು ವರ್ಷದ ಮಗುವಿನಷ್ಟು ಉದ್ದ. ಎರಡೂ ತುದಿ ಚೂಪಾಗಿ, ನಡುವೆ ತುಂಬಿಕೊಂಡು, ಮಗ್ಗದ ಲಾಳಿಯ ಹಾಗಿತ್ತು. ಬೆನ್ನು ಶಾಯಿಯಂಥ ನೀಲಿ. ಹೊಟ್ಟೆ ಬೆಳ್ಳಿ. ನಡುವೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಅಂತ ಗೆರೆ ಎಳೆಯಲು ಆಗುವುದಿಲ್ಲ. ಹುರುಪೆ ಅಂತ ಕಣ್ಣಿಗೆ ಒಂದೂ ಕಾಣಲಿಲ್ಲ. ಬಾಲದ ಕಡೆ ಮೇಲೆ ಒಂಬತ್ತು, ಕೆಳಗೆ ಒಂಬತ್ತು, ಹಳದಿ ಪುಟಾಣಿ ರೆಕ್ಕೆ, ಒಂದೊಂದಕ್ಕೂ ಕಪ್ಪು ಅಂಚು. ಬಾಲ ಸೇರುವ ಜಾಗ ನನ್ನ ಮಣಿಕಟ್ಟಿಗಿಂತ ಸಪೂರ. ಅಲ್ಲಿಂದ ಬಾಲ ಎರಡು ಕಡೆಗೂ ಕುಡುಗೋಲಿನಂತೆ ಬಾಗಿ ಹೋಗಿತ್ತು.

"ಎಂಥ ನೋಡುದು ಮಾರಾಯ್ರೆ?" ಅಂದ ಡ್ರೈವರು.

"ಇದು ಟ್ಯೂನಾನಾ?"

"ನಾವು ಬೇರೆ ಹೆಸರು ಹೇಳ್ತೇವೆ. ಹೌದು, ಅದೇ." ಅವನು ಬೆನ್ನಿನ ಮೇಲಿನ ಒಂದು ಸೀಳಿಗೆ ಬೆರಳು ಹಾಕಿ ಎತ್ತಿದ. ಒಳಗೆ ಮಡಚಿಕೊಂಡಿದ್ದ ರೆಕ್ಕೆ ಬೀಸಣಿಗೆಯಂತೆ ಬಿಚ್ಚಿಕೊಂಡಿತು. "ಓಡುವಾಗ ಒಳಗೆ ಹಾಕಿಕೊಳ್ತದೆ. ನೀರಿಗೆ ಎಲ್ಲಿಯೂ ತಡೆ ಇರ್ಬಾರ್ದು ಅಂತ. ಕಣ್ಣು ಸಹ ನೋಡಿ, ಹೊರಗೆ ಉಬ್ಬಿಲ್ಲ. ಇದು ದಡಕ್ಕೆ ಬರುವ ಜಾತಿ ಅಲ್ಲ, ಆಳ ಸಮುದ್ರದ್ದು. ನಿಂತ್ರೆ ಸಾಯ್ತದೆ."

ಆ ಟೀಚರ ಮಾತುಗಳನ್ನೇ ಇವನು ಮತ್ತೆ ಹೇಳುತ್ತಿದ್ದ. ಮೆಲು ದನಿಯಲ್ಲಿ ಆಕೆ ಹೇಳಿದ್ದ ಒಂದೊಂದೂ ಆ ಹಲಗೆಯ ಮೇಲೆ ಮಲಗಿತ್ತು. ಸಮುದ್ರ ನೋಡದವಳು ಹೇಳಿದ್ದು, ಶೆಟ್ಟಿಹಳ್ಳಿಯಿಂದ ರೈಲಿನಲ್ಲಿ ಬಂದು ಹೋಗುವವಳು ಹೇಳಿದ್ದು. ನನಗೆ ನಾಚಿಕೆಯಾಯಿತು. ಹೋಟೆಲಿನವರ ಕ್ಯಾಲೆಂಡರ್ ಇಸಿದುಕೊಂಡು, ಅದರ ಹಿಂಬದಿಯಲ್ಲಿ ಮೀನನ್ನು ಬರೆದುಕೊಂಡೆ. ದಾರ ಹಿಡಿದು ಅಳತೆ ತೆಗೆದೆ. ಟೈರು ಹಾಕಿ ಲಾರಿ ಹೊರಡುವವರೆಗೂ ಬರೆದೆ. ಬೋರ್ಡು ಮಂಗಳವಾರ ಮುಗಿಸಿಕೊಡ್ತೀನಿ ಅಂತ ಹೋಟೆಲಿನವರಿಗೆ ಹೇಳಿ ತುಮಕೂರಿನ ಬಸ್ಸು ಹತ್ತಿದೆ.

ಮನೆಗೆ ಬಂದಾಗ ಅಪ್ಪ ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಕೈ ನಡುಗುತ್ತ ಬಂದು ಅವರು ಕುಂಚ ಬಿಟ್ಟು ನಾಲ್ಕು ವರ್ಷವಾಗಿತ್ತು. ನಡೆದದ್ದನ್ನು ಹೇಳಿ, ಬರೆದ ಕಣ್ಣನ್ನು ಅಳಿಸಬಹುದಾ ಅಂತ ಕೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ.

"ಅಂಥ ಮೀನು ಎಲ್ಲಾದ್ರೂ ಐತೇನ್ಲಾ?" ಅಂದರು.

"ಇಲ್ಲ ಕಣಪ್ಪ."

"ಇಲ್ದೇ ಇರೋ ಮೀನಿಗೆ ಕಣ್ಣು ಬರೆದ್ರೆ ಅದು ಕಣ್ಣೇನ್ಲಾ? ಚುಕ್ಕಿ ಕಣೋ ಅದು. ಹೋಗಿ ಅಳ್ಸು, ಬುಡು." ಅಷ್ಟು ಹೇಳಿ ಅವರು ಕಾಫಿ ಮುಗಿಸಿದರು.

ಭಾನುವಾರ ಮೊದಲ ಬಸ್ಸಿಗೆ ಗುಬ್ಬಿಗೆ ಹೋದೆ. ಹೆಡ್‌ಮಾಸ್ಟರ ಮನೆ ಸ್ಕೂಲಿನ ಪಕ್ಕದಲ್ಲೇ ಇತ್ತು. ಬೀಗದ ಕೈ ಕೊಡಲು ಬಂದವರು ಗೋಡೆಯ ಮುಂದೆ ನಿಂತು, ಸಾಹೇಬ್ರು ನಾಳೆನೇ ಬರ್ತಾರೆ, ಈಗ ಯಾಕ್ರೀ ಅಳಿಸ್ತೀರಿ ಅಂದರು. ನಾನು ಕ್ಯಾಲೆಂಡರ್ ಬಿಚ್ಚಿ ತೋರಿಸಿದೆ. "ನಾನೇ ಕುಣಿಗಲ್‌ಗೋಗಿ, ನಿಜವಾದ ಮೀನು ನೋಡ್ಕಂಡು, ಅಳತೆ ತಗೊಂಡು ಬಂದಿದೀನಿ ಸಾರ್. ಪುಸ್ತಕ ನೋಡಿ ಬರೆಯೋದು ಬೇರೆ, ಕಣ್ಣಲ್ಲಿ ನೋಡಿ ಬರೆಯೋದು ಬೇರೆ" ಅಂತ ಬೀಗಿದೆ. ಆ ಟೀಚರು ಮೊದಲೇ ಇದನ್ನೆಲ್ಲ ಹೇಳಿದ್ದರು ಅನ್ನುವ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಮರೆತೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಹೇಳಲು ಮನಸ್ಸಾಗಲಿಲ್ಲ, ಅಷ್ಟೇ. ಹೆಡ್‌ಮಾಸ್ಟರು ತಲೆದೂಗಿ ಒಳಗೆ ಹೋದರು.

ಮೊದಲು ಕಣ್ಣಿನ ಮೇಲೆ ಬಿಳಿ ಬಳಿದೆ. ಆಮೇಲೆ ಹುರುಪೆ, ಕಲ್ಲು, ಬಸವನಹುಳು, ತಾವರೆ ಎಲ್ಲವೂ ಹೋದವು. ಇಡೀ ಗೋಡೆಗೆ ನೀಲಿ ಬಳಿದೆ, ಮೇಲೆ ತಿಳಿ, ಕೆಳಕೆಳಗೆ ಹೋದಂತೆ ಕಪ್ಪು. ಅದರ ನಡುವೆ ಆ ಮೀನನ್ನು ಇಟ್ಟೆ. ಬಣ್ಣ ಬೇಗ ಒಣಗುತ್ತಿತ್ತು, ಊಟಕ್ಕೂ ಏಳಲಿಲ್ಲ. ಹೊತ್ತು ಮುಳುಗುವ ಮುಂಚೆ ಕಣ್ಣು ಬರೆದು ಇಳಿದೆ. ಅದಕ್ಕಿಂತ ಒಳ್ಳೆಯ ಕೆಲಸ ನಾನು ಮುಂದೆಯೂ ಮಾಡಲಿಲ್ಲ.

ಸೋಮವಾರ ನನಗೆ ಅಲ್ಲಿ ಕೆಲಸವಿರಲಿಲ್ಲ. ಅಂಚಿನ ಪಟ್ಟಿ ತಿದ್ದಬೇಕು ಅಂತ ನೆವ ಮಾಡಿಕೊಂಡು, ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಹೋದೆ. ಸಾಹೇಬರು ಹೊಗಳುವುದನ್ನು ಕಿವಿಯಾರೆ ಕೇಳಬೇಕಿತ್ತು. ಟೀಚರು ರೈಲಿನಿಂದ ಇಳಿದು ಬಂದು ಗೋಡೆ ನೋಡಿದವರು ಗೇಟಿನ ಹತ್ತಿರವೇ ನಿಂತರು. ಆಮೇಲೆ ಹತ್ತಿರ ಬಂದು, ತುದಿಬೆರಳಿನಿಂದ ಗಾಳಿಯಲ್ಲೇ ಪುಟಾಣಿ ರೆಕ್ಕೆಗಳನ್ನು ಎಣಿಸಿದರು. ನಾನು ಮಾತಾಡಿಸುವಷ್ಟರಲ್ಲಿ ಗಂಟೆ ಹೊಡೆಯಿತು.

ಸಾಹೇಬರು ಹನ್ನೊಂದು ಗಂಟೆಗೆ ಬಂದರು. ಬೆಳ್ಳಗೆ ಮೀಸೆ, ಕೈಯಲ್ಲಿ ಒಂದು ಫೈಲು. ಹುಡುಗಿಯರನ್ನೆಲ್ಲ ಗೋಡೆಯ ಮುಂದೆ ಸಾಲಾಗಿ ನಿಲ್ಲಿಸಿದ್ದರು. ಸಾಹೇಬರು ಚಿತ್ರವನ್ನು ನೋಡಿ, "ಚೆನ್ನಾಗಿದೆಯಲ್ರೀ" ಅಂದರು. ನನ್ನ ಎದೆ ಉಬ್ಬಿತು. ಆಮೇಲೆ ಅವರು ಫೈಲಿನಿಂದ ಒಂದು ಹಾಳೆ ತೆಗೆದರು.

"ಹಾಗಾದ್ರೆ ಇದೇನು? ಶನಿವಾರ ಕೊಟ್ಟಿರೋ ಕಾಗದ. ಗೋಡೆಯ ಮೇಲಿನ ಚಿತ್ರ ತಪ್ಪಾಗಿದೆ, ಮೀನಿನ ವಿವರವನ್ನು ಚಿತ್ರಗಾರರಿಗೆ ಸರಿಯಾಗಿ ತಿಳಿಸದೆ ಇದ್ದದ್ದು ನನ್ನ ತಪ್ಪು ಅಂತ ಟೀಚರ್ ಸಹಿ ಹಾಕಿದಾರೆ."

ನಾನು ಕುಣಿಗಲ್ಲಿನಲ್ಲಿ ಲಾರಿ ನೋಡುತ್ತ ನಿಂತಿದ್ದ ಹೊತ್ತಿನಲ್ಲಿ ಆಕೆ ಇಲ್ಲಿ ಈ ಕಾಗದ ಬರೆದಿದ್ದರು. ಚಿತ್ರ ತಪ್ಪಿದೆ, ಬಟ್ಟೆ ಮುಚ್ಚಿಸಿ ಅಂತ ಕೇಳಲು ಹೆಡ್‌ಮಾಸ್ಟರ ಹತ್ತಿರ ಹೋಗಿದ್ದರಂತೆ. ತಪ್ಪು ಪೇಂಟರದೋ ನಿಮ್ಮದೋ ಬರೆದುಕೊಡಿ, ಪೇಂಟರದಾದರೆ ತಾಲ್ಲೂಕಿನ ಯಾವ ಸ್ಕೂಲಿನ ಮೆಟ್ಟಿಲೂ ಹತ್ತಿಸುವುದಿಲ್ಲ ಅಂತ ಅವರು ರೇಗಿದ್ದರಂತೆ. ಆಕೆ ಬರೆದುಕೊಟ್ಟದ್ದನ್ನು ಸಾಹೇಬರ ಫೈಲಿಗೆ ಸೇರಿಸಿದವರೂ ಅವರೇ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

"ಈಗ ಸರಿಯಾಗಿದೆಯಲ್ಲ, ಯಾರು ಸರಿ ಮಾಡಿದ್ದು?" ಅಂದರು ಸಾಹೇಬರು.

"ನಮ್ಮ ಪೇಂಟ್ರು ಸಾರ್. ಅವರೇ ಕುಣಿಗಲ್‌ಗೆ ಹೋಗಿ ಮೀನು ನೋಡ್ಕೊಂಡು ಬಂದು ನಿನ್ನೆ ತಿದ್ದಿದ್ದು" ಅಂತ ಹೆಡ್‌ಮಾಸ್ಟರು ನನ್ನನ್ನು ಮುಂದಕ್ಕೆ ತಳ್ಳಿದರು.

ಸಾಹೇಬರು ಪೆನ್ನಿನ ಕ್ಯಾಪು ಮುಚ್ಚಿದರು. "ಅಂದ್ರೆ ವಿಜ್ಞಾನದ ಟೀಚರ್‌ಗೆ ಗೊತ್ತಿಲ್ಲದ್ದು ಪೇಂಟರ್‌ಗೆ ಗೊತ್ತಿತ್ತು ಅಂತಾಯ್ತು. ಇಂಥವರಿಗೆ ನಾನು ಏನಂತ ಬರೆಯಲಿ?"

ಆಕೆ ತಲೆ ತಗ್ಗಿಸಲಿಲ್ಲ. ಬರೆದುಕೊಟ್ಟಾಗಿತ್ತು, ಮಾತು ಮುಗಿದಿತ್ತು. ಎದುರಿಗೆ ಅವರದೇ ಹುಡುಗಿಯರು ನೂರು ಜನ ನಿಂತಿದ್ದರು. ಸುಮ್ಮನಿದ್ದಿದ್ದರೆ ನನ್ನ ಹೆಸರಿಗೆ ಏನೂ ಆಗುತ್ತಿರಲಿಲ್ಲ, ಇನ್ನೂ ದೊಡ್ಡದಾಗುತ್ತಿತ್ತು.

"ಸಾರ್, ಆ ಕಾಗದ ಸುಳ್ಳು" ಅಂದೆ.

"ಏನ್ರೀ ಅದು?"

"ತಪ್ಪು ಬರೆದವನು ನಾನು. ಅವರು ಎಲ್ಲಾನೂ ಸರಿಯಾಗೇ ಹೇಳಿದ್ರು, ನಾನು ಕಿವೀಗೆ ಹಾಕ್ಕೊಳ್ಲಿಲ್ಲ. ತಿದ್ದಿ ಅಂತ ಕೈ ಮುಗಿದು ಕೇಳಿದ್ರು. ಅವರ ಬಾಯಿ ಮುಚ್ಚಿಸ್ಬೇಕು ಅಂತ್ಲೇ ಮೀನಿಗೆ ಕಣ್ಣು ಬರೆದುಬಿಟ್ಟೆ. ಕಣ್ಣು ಬರೆದ್ಮೇಲೆ ತಿದ್ದಬಾರ್ದು ಅನ್ನೋದು ನಮ್ಮಪ್ಪನ ಕಾಲದ ನಿಯಮ ಸಾರ್. ಅದನ್ನ ನಾನು ಅಡ್ಡ ಇಟ್ಕಂಡೆ. ಕುಣಿಗಲ್‌ನಲ್ಲಿ ನಾನೇನೂ ಹೊಸದು ನೋಡ್ಲಿಲ್ಲ. ಇವರು ಹೇಳಿದ್ದನ್ನೇ ನೋಡಿದೆ."

ಇಷ್ಟು ಹೇಳುವಷ್ಟರಲ್ಲಿ ನನ್ನ ಇಸ್ತ್ರಿ ಷರ್ಟು ಬೆನ್ನಿಗೆ ಅಂಟಿತ್ತು. ಹುಡುಗಿಯರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರು ನಗಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳ ವಿಜ್ಞಾನದ ನೋಟ್ಸು ತರಿಸಿ, ಹದಿನೈದು ದಿನದ ಹಿಂದೆ ಬರೆಸಿದ್ದ ಪಾಠವನ್ನು ತೆರೆದುಕೊಂಡರು.

"ಸರಿ. ಟೀಚರ್ ನಿಮಗೆ ಏನು ಹೇಳಿದ್ರು, ಹೇಳಿ."

ಹೇಳಿದೆ. ಕುಂಚದ ಹಿಡಿಯಿಂದ ಗೋಡೆ ತೋರಿಸುತ್ತ ಒಂದೊಂದಾಗಿ ಹೇಳಿದೆ. ಬೆನ್ನು ಯಾಕೆ ಕಡು ನೀಲಿ, ಹೊಟ್ಟೆ ಯಾಕೆ ಬೆಳ್ಳಿ, ಬಾಲ ಹೇಗೆ ಬಾಗಬೇಕು, ಹುರುಪೆ ಯಾಕೆ ಕಾಣುವುದಿಲ್ಲ. ಅರ್ಧ ಕಿವಿಯಲ್ಲಿ ಕೇಳಿದ್ದೆ ಅಂದುಕೊಂಡಿದ್ದೆನಲ್ಲ, ಅಷ್ಟೂ ಒಳಗೆ ಇಳಿದಿತ್ತು. ಸಾಹೇಬರು ನೋಟ್ಸಿನ ಮೇಲೆ ಬೆರಳು ಓಡಿಸುತ್ತ ಬಂದರು.

"ಕೆಳಗೆ ತಳ ಯಾಕೆ ಬರೆದಿಲ್ಲ?"

"ಇದು ತಳದ ಹತ್ರ ಬದುಕೋ ಮೀನಲ್ಲ ಸಾರ್. ನಿಲ್ಲೋ ಹಾಗಿಲ್ಲ ಇದು, ನಿಂತ್ರೆ ಉಸಿರು ಕಟ್ಟುತ್ತೆ. ಬರೀ ನೀರು ಬರೀರಿ ಅಂದಿದ್ರು."

ಸಾಹೇಬರು ನೋಟ್ಸು ಮುಚ್ಚಿ ಹುಡುಗಿಗೆ ಕೊಟ್ಟರು. ಆ ಕಾಗದವನ್ನು ನಾಲ್ಕಾಗಿ ಮಡಿಸಿ ಟೀಚರ ಕೈಗೆ ಕೊಟ್ಟು, "ಇದು ನಿಮ್ಮ ಹತ್ರಾನೇ ಇರಲಿ" ಅಂದರು. ಪೆನ್ನಿನ ಕ್ಯಾಪು ತೆಗೆದು ಅಲ್ಲೇ ನಿಂತು ಬರೆದರು. ಎರಡು ತಿಂಗಳಿಗೆ ಆಕೆಯ ಅಪ್ರೂವಲ್ ಬಂತು. ಹೆಡ್‌ಮಾಸ್ಟರು ಮಾತ್ರ ನನ್ನನ್ನು ಮತ್ತೆ ಕರೆಯಲಿಲ್ಲ, ಬೇರೆ ಸ್ಕೂಲಿನವರಿಗೂ ಹೇಳಿದರು ಅಂತ ಕಾಣುತ್ತದೆ. ಹೋಗಲಿ ಬಿಡಿ, ಲಾರಿಗಳಿದ್ದವು, ಹೋಟೆಲುಗಳಿದ್ದವು, ನನ್ನ ಕೈ ನನ್ನ ಹತ್ತಿರವೇ ಇತ್ತು.

ಆದರೆ ನಾನು ಹೇಳಬೇಕೆಂದಿರುವುದು ಆ ಸಂಜೆಯ ಮಾತು. ಡಬ್ಬಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಆಕೆ ಬಂದು ಗೋಡೆಯ ಮುಂದೆ ನಿಂತರು. ಥ್ಯಾಂಕ್ಸ್ ಅಂತ ಹೇಳುತ್ತಾರೆ ಅಂದುಕೊಂಡೆ, ಬುದ್ಧಿ ಎಲ್ಲಿಗೆ ಹೋಗುತ್ತೆ.

"ಯಾಕೆ ಹಂಗೆ ಬರೆದುಕೊಟ್ರಿ ಮೇಡಂ?" ಅಂತ ನಾನೇ ಕೇಳಿದೆ.

"ಹೇಳಿಕೊಟ್ಟ ಮೇಲೂ ಒಬ್ರು ಕಲೀಲಿಲ್ಲ ಅಂದ್ರೆ, ಹೇಳಿಕೊಟ್ಟವರದ್ದೇ ಏನೋ ತಪ್ಪಿರುತ್ತೆ. ನಾನು ಹಾಗೇ ಅಂದ್ಕೊಳ್ಳೋದು." ಆಮೇಲೆ ಅವರ ದನಿ ಬದಲಾಯಿತು. "ನಿಜವಾಗ್ಲೂ ನೋಡಿದ್ರಾ? ಎಷ್ಟು ಉದ್ದ ಇತ್ತು?"

ದಾರ ತೆಗೆದು ಬಿಚ್ಚಿ ಹಿಡಿದೆ. ಆಕೆ ದಾರದ ಇನ್ನೊಂದು ತುದಿ ಹಿಡಿದುಕೊಂಡರು. ಮಡಚುವ ರೆಕ್ಕೆಯ ವಿಷಯ ಹೇಳಿದೆ. ಮತ್ತೆ ಹೇಳಿ ಅಂದರು. ಹಳದಿ ಯಾವ ಹಳದಿ, ಅರಿಶಿನದ್ದೋ ನಿಂಬೆಹಣ್ಣಿನದ್ದೋ ಅಂತ ಕೇಳಿದರು. ಕಣ್ಣು ಎಷ್ಟು ದೊಡ್ಡದು, ಬಾಯಿ ತೆರೆದಿತ್ತಾ ಮುಚ್ಚಿತ್ತಾ ಅಂತ ಕೇಳಿದರು. ಒಂದೊಂದಕ್ಕೂ ಉತ್ತರ ಹೇಳಿದೆ. ನೋಡಿದವನು ನಾನಲ್ಲವೇ, ನನಗೆ ಗೊತ್ತಿಲ್ಲದ್ದು ಏನಿತ್ತು.

"ಮುಟ್ಟಿದ್ರಾ?"

"ಏನು?"

"ಮೈ ಮುಟ್ಟಿ ನೋಡಿದ್ರಾ? ಬಾಲದ ಕಡೆಯಿಂದ ತಲೆ ಕಡೆಗೆ ಕೈ ಎಳೆದ್ರೆ ಆ ಸಣ್ಣ ಹುರುಪೆ ಬೆರಳಿಗೆ ಸಿಗಬೇಕು. ಕಣ್ಣಿಗೆ ಕಾಣದೇ ಇದ್ರೂ ಅಲ್ಲಿ ಇರುತ್ತವೆ ಅಂತ ಮೂರು ವರ್ಷದಿಂದ ಮಕ್ಕಳಿಗೆ ಹೇಳ್ತಾ ಇದೀನಿ. ನನಗೇ ಗೊತ್ತಿಲ್ಲ ಪೇಂಟ್ರೇ. ಇತ್ತಾ?"

ಲಾರಿಯ ಪಕ್ಕದಲ್ಲಿ ಅರ್ಧ ಗಂಟೆ ನಿಂತಿದ್ದೆ. ಮೀನು ನನ್ನ ಮೊಣಕೈಗೆ ತಾಗುವಷ್ಟು ಹತ್ತಿರವಿತ್ತು. ಕೈಯಲ್ಲಿ ಪೆನ್ಸಿಲು ಇತ್ತು, ದಾರ ಇತ್ತು.

"ಮುಟ್ಟಲಿಲ್ಲ" ಅಂದೆ.

ಆಕೆ ಬೇಸರ ಮಾಡಿಕೊಳ್ಳಲಿಲ್ಲ. ದಾರವನ್ನು ಸುತ್ತಿ ನನ್ನ ಕೈಗೆ ಕೊಟ್ಟು, ರೈಲಿಗೆ ಹೊತ್ತಾಯಿತು ಅಂತ ಹೊರಟರು. ಬೆಳಿಗ್ಗೆ ನೂರು ಜನರ ಮುಂದೆ ತಪ್ಪು ಒಪ್ಪಿಕೊಂಡಾಗ ಬರದಿದ್ದ ಅಳು ನನಗೆ ಆಗ ಬಂತು. ಕೆಲಸ ಉಳಿಸಿಕೊಟ್ಟೆ ಅಂತ ಬೀಗುತ್ತಿದ್ದೆನಲ್ಲ, ಆಕೆ ನನ್ನಿಂದ ಬಯಸಿದ್ದ ಒಂದೇ ಒಂದು ಸಂಗತಿಯನ್ನು ನಾನು ಬೆರಳ ಹತ್ತಿರದಲ್ಲೇ ಬಿಟ್ಟು ಬಂದಿದ್ದೆ.